‘ದೃಢ’ ಎಂಬ ಮಾತಿನ ಹಿಂದಿರುವ ಅಂಕಿ

ಶಿಕಾರಿಪುರ, ಸೊರಬದ ಕಡೆ ಪತ್ರಿಕೆ ಓದುವವರಿಗೆ ಎರಡು ಬಗೆಯ ಸುದ್ದಿ ಹೊಸದಲ್ಲ. ಒಂದು, ಮೆಕ್ಕೆಜೋಳದ ಸಾಲಿನ ನಡುವೆ ಬೆಳೆಸಿದ್ದ ಗಾಂಜಾ ಗಿಡ ಕಿತ್ತದ್ದು. ಇನ್ನೊಂದು, ಅನುಮಾನದ ಮೇಲೆ ಹಿಡಿದ ಯುವಕನನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿದಾಗ ‘ಗಾಂಜಾ ಸೇವನೆ ದೃಢಪಟ್ಟಿದೆ’ ಎಂಬುದು. ಗಿಡವನ್ನಾದರೆ ತೂಗಿ ಇಷ್ಟು ಕೆಜಿ ಎಂದು ಬರೆಯುತ್ತಾರೆ. ಮೂತ್ರದ ವಿಷಯದಲ್ಲಿ ಅಳತೆಯ ಸುದ್ದಿಯೇ ಬರುವುದಿಲ್ಲ. ಆದರೆ ಅಲ್ಲಿಯೂ ಒಂದು ಅಂಕಿ ಕೂತಿದೆ, ಮತ್ತು ಆ ಅಂಕಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಪರೀಕ್ಷೆಯ ಪಟ್ಟಿ ಬೆರಳುದ್ದದ್ದು. ಮೂರು ಹನಿ ಮೂತ್ರ ಬಿಟ್ಟು ಐದು ನಿಮಿಷ ಕಾಯಬೇಕು. ‘ಸಿ’ ಎದುರು ಮೂಡುವ ಗೆರೆ ಪಟ್ಟಿ ಸರಿಯಾಗಿದೆ ಎಂದು ಹೇಳುತ್ತದೆ. ‘ಟಿ’ ಎದುರೂ ಗೆರೆ ಮೂಡಿದರೆ ಫಲಿತಾಂಶ ನೆಗೆಟಿವ್, ಮೂಡದಿದ್ದರೆ ಪಾಸಿಟಿವ್. ಗರ್ಭಧಾರಣೆಯ ಪಟ್ಟಿ ನೋಡಿ ರೂಢಿಯಾದವರಿಗೆ ಇದು ತಲೆಕೆಳಗು. ಪಟ್ಟಿಯಲ್ಲಿರುವ ಬಣ್ಣದ ಪ್ರತಿಕಾಯಗಳನ್ನು ಮೂತ್ರದಲ್ಲಿನ ಗಾಂಜಾ ಅಂಶ ಮೊದಲೇ ಹಿಡಿದುಬಿಟ್ಟರೆ ಗೆರೆಗೆ ಬಣ್ಣ ಉಳಿಯುವುದಿಲ್ಲ. ತೀರಾ ಮಸುಕಾದ ಗೆರೆಯೂ ನೆಗೆಟಿವ್ ಎಂದೇ ಲೆಕ್ಕ. ಗಾಂಜಾ ಪಟ್ಟಿಗಳ ಸಾಮಾನ್ಯ ಮಿತಿ ಮಿಲಿಲೀಟರ್‌ಗೆ 50 ನ್ಯಾನೊಗ್ರಾಂ. ನ್ಯಾನೊಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಪಾಲು. ಮಿತಿಯ ಆಸುಪಾಸಿನಲ್ಲಿ ಪಟ್ಟಿ ಎರಡೂ ಕಡೆಗೆ ತಪ್ಪಬಹುದು.

ಇಷ್ಟು ಸೂಕ್ಷ್ಮವಾಗಿ ಅಳೆಯುವ ದಾರಿ ತೆರೆದವರು ಸಾಲೊಮನ್ ಬರ್ಸನ್ ಮತ್ತು ರೋಸಲಿನ್ ಯಾಲೊ. ರಕ್ತದ ಇನ್ಸುಲಿನ್ ಅಳೆಯಲು 1950ರ ದಶಕದ ಕೊನೆಯಲ್ಲಿ ಅವರು ಪ್ರತಿಕಾಯಗಳನ್ನು ಬಳಸಿದರು. 1977ರಲ್ಲಿ ಯಾಲೊಗೆ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. 1971ರಲ್ಲಿ ವಿಯೆಟ್ನಾಂನಿಂದ ಮರಳುವ ಅಮೆರಿಕದ ಸೈನಿಕರ ಮೂತ್ರವನ್ನು ಸಾಮೂಹಿಕವಾಗಿ ಪರೀಕ್ಷಿಸಲು ಶುರುಮಾಡಿದ ಮೇಲೆ ಇದೊಂದು ಉದ್ಯಮವೇ ಆಯಿತು. 1988ರಲ್ಲಿ ಅಲ್ಲಿನ ಸರ್ಕಾರ ನೌಕರರ ಪರೀಕ್ಷೆಗೆ ನಿಯಮ ಮಾಡಿತು: ಮೊದಲ ಹಂತದಲ್ಲಿ ಗಾಂಜಾಗೆ 100 ನ್ಯಾನೊಗ್ರಾಂ, ಅದನ್ನು ದಾಟಿದರೆ ಅಣುಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಖಚಿತಪಡಿಸಿಕೊಳ್ಳಲು 15. ಮೊದಲ ಹಂತದ ಮಿತಿ 1994ರಲ್ಲಿ 50ಕ್ಕೆ ಇಳಿಯಿತು. 70 ನ್ಯಾನೊಗ್ರಾಂ ಇದ್ದ ಮೂತ್ರ 1990ರಲ್ಲಿ ನೆಗೆಟಿವ್, 1995ರಲ್ಲಿ ಪಾಸಿಟಿವ್. ಬದಲಾದದ್ದು ನಿಯಮ ಮಾತ್ರ.

ನಮಗೆ ಇನ್ನೂ ಹತ್ತಿರದ್ದು ಅಫೀಮಿನ ಮಿತಿಯ ಕಥೆ. ಗಸಗಸೆ ಅಫೀಮು ಗಿಡದ್ದೇ ಬೀಜ; ಕಾಯಿಯ ಹಾಲು ತಾಗಿ ಬೀಜಕ್ಕೆ ಮಾರ್ಫಿನ್ ಲವಲೇಶ ಅಂಟಿರುತ್ತದೆ. ತಿಂದವರಿಗೆ ನಶೆ ಏರದಿದ್ದರೂ ಮೂತ್ರ 300 ನ್ಯಾನೊಗ್ರಾಂ ದಾಟಬಹುದು. ಹಳೆಯ ಮಿತಿ ಇದ್ದದ್ದೇ 300. ಹಾಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಗಸಗಸೆ ಹಾಕಿದ ಬ್ರೆಡ್ಡು ತಿಂದವರು ಅಥವಾ ವೈದ್ಯರು ಬರೆದುಕೊಟ್ಟ ಕೋಡೀನ್, ಮಾರ್ಫಿನ್ ತೆಗೆದುಕೊಂಡವರು ಎಂದು ತಿಳಿದ ಮೇಲೆ ಅಮೆರಿಕ 1998ರಲ್ಲಿ ಮಿತಿಯನ್ನು 2000ಕ್ಕೆ ಏರಿಸಿತು. 300ರ ಪಟ್ಟಿಗಳು ಮಾರುಕಟ್ಟೆಯಲ್ಲಿ ಇಂದಿಗೂ ಇವೆ. ಮದುವೆ ಮನೆಯಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದು ಬಂದವರ ಕೈಗೆ ಆ ಪಟ್ಟಿ ಕೊಡುವ ಮುನ್ನ, ಏನು ಊಟ ಮಾಡಿದಿರಿ ಎಂದು ಕೇಳಲೇಬೇಕು.

ಕ್ರೀಡೆಯಲ್ಲೂ ಇದೇ ಆಯಿತು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಕೆನಡಾದ ರಾಸ್ ರೆಬಗ್ಲಿಯಾಟಿಯ ಮೂತ್ರದಲ್ಲಿ ಗಾಂಜಾ ಅಂಶ 17.8 ನ್ಯಾನೊಗ್ರಾಂ ಸಿಕ್ಕಿ, ಚಿನ್ನದ ಪದಕ ಹೋಗಿ ಮತ್ತೆ ಬಂತು. ಆಗಿನ ಮಿತಿ 15. 2013ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಅದನ್ನು 150 ಮಾಡಿತು.

ನಮ್ಮ 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯಲ್ಲಿ ವಶಪಡಿಸಿಕೊಂಡ ಗಾಂಜಾಗೆ ಮೆಟ್ಟಿಲುಗಳಿವೆ: 1 ಕೆಜಿವರೆಗೆ ಅಲ್ಪ ಪ್ರಮಾಣ, 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ. ಸೇವನೆಯ 27ನೇ ಸೆಕ್ಷನ್‌ನಲ್ಲಿ ಮಾತ್ರ ಅಳತೆಯ ಯಾವ ಅಂಕಿಯೂ ಇಲ್ಲ. ಗಾಂಜಾಗೆ ಶಿಕ್ಷೆ 6 ತಿಂಗಳವರೆಗಿನ ಜೈಲು ಅಥವಾ 10,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಹೀಗಾಗಿ ಮಿತಿಯನ್ನು ಪಟ್ಟಿ ತಯಾರಿಸಿದವರೇ ಇಟ್ಟಂತಾಗುತ್ತದೆ. ಪಟ್ಟಿಯೊಂದನ್ನೇ ನೆಚ್ಚಿ ‘ದೃಢ’ ಎನ್ನುವುದು ತಪ್ಪು ಎಂದೇ ನಾನು ನಂಬಿದ್ದೇನೆ. ಪಟ್ಟಿ ಹೇಳುವುದು ಅನುಮಾನ, ದೃಢಪಡಿಸುವುದು ಯಂತ್ರ.

ಗಾಂಜಾ ಅಂಶ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬರುತ್ತದೆ. ಒಮ್ಮೆ ಸೇದಿದವನಲ್ಲಿ ಕೆಲವು ದಿನ, ದಿನವೂ ಸೇದಿದವನಲ್ಲಿ ಕೆಲವು ವಾರ ಸಿಗುತ್ತದೆ. ಹೆಚ್ಚು ನೀರು ಕುಡಿದರೆ ಅಂಕಿ ಕುಸಿಯುತ್ತದೆ. ಅದಕ್ಕೇ ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣವನ್ನೂ ನೋಡುತ್ತಾರೆ. ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮೂತ್ರ ತೆಳುವಾಗಿದೆ ಎಂಬ ಅನುಮಾನ.

ಗಾಂಜಾ ಬಿಟ್ಟು ಮೂರು ವಾರವಾದ ಸೊರಬದ ಹುಡುಗನೊಬ್ಬನ ಪಟ್ಟಿಯಲ್ಲಿ ‘ಟಿ’ ಗೆರೆ ಮೂಡದೇ ಹೋಗಬಹುದು. ಮತ್ತೆ ಸೇದಿದನೋ, ಹಳೆಯದೇ ಇಳಿಯುತ್ತಿದೆಯೋ ಎಂಬುದನ್ನು ಪಟ್ಟಿ ಹೇಳಲಾರದು. ಯಂತ್ರದ ಅಂಕಿಯನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿ, ವಾರ ಬಿಟ್ಟು ಮತ್ತೊಮ್ಮೆ ಹಾಗೆಯೇ ನೋಡಿದರೆ, ಎರಡನೆಯದು ಚೆನ್ನಾಗಿ ಇಳಿದಿದ್ದರೆ ಅವನು ನಿಜ ಹೇಳುತ್ತಿದ್ದಾನೆ ಎಂದು ನಂಬಲು ಆಧಾರ ಸಿಗುತ್ತದೆ.