ಹ್ಯಾಲೊಜನ್: ಉಪ್ಪು ಹುಟ್ಟಿಸುವುದು

ಗ್ರೀಕಿನಲ್ಲಿ ‘ಹಲ್ಸ್’ ಎಂದರೆ ಉಪ್ಪು, ‘ಜೆನ್’ ಎಂದರೆ ಹುಟ್ಟಿಸುವುದು. 1811ರಲ್ಲಿ ಜರ್ಮನಿಯ ಶ್ವೈಗರ್ ಕ್ಲೋರಿನ್ನಿಗೆ ಸೂಚಿಸಿದ ಈ ಹೆಸರು ಮುಂದೆ ಕ್ಲೋರಿನ್ನಿನಂಥ ಧಾತುಗಳ ಇಡೀ ಗುಂಪಿನದಾಯಿತು. ಹೆಸರು ಎಷ್ಟು ಹೊಂದುತ್ತದೆಂದು ಒಂದು ಬಿಳಿ ಬಟ್ಟೆಯಲ್ಲಿ ನೋಡೋಣ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾಗುವ ರಾಷ್ಟ್ರಧ್ವಜದ ನಡುಪಟ್ಟಿ ಅಚ್ಚ ಬಿಳಿ. ಹತ್ತಿಯ ಸಹಜ ಬಣ್ಣವಾದರೋ ತುಸು ಹಳದಿ. ಅದನ್ನು ತೆಗೆಯಲು ಬಟ್ಟೆಯ ಕಸುಬಿನಲ್ಲಿ ಬಹುಕಾಲ ಬಳಸಿದ್ದು ಚಲುವೆ ಪುಡಿ. ಬಿಳುಪಿಗೂ ಉಪ್ಪಿಗೂ ಏನು ನಂಟು, ಹೆಸರು ಇಲ್ಲಿ ಹೊಂದುವುದಿಲ್ಲವಲ್ಲ ಎನ್ನಬಹುದು. ಹೊಂದುತ್ತದೆ. ಪುಡಿಯಲ್ಲಿರುವ ಕ್ಲೋರಿನ್ ಸಂಯುಕ್ತವಾದ ಹೈಪೊಕ್ಲೋರೈಟ್ ಬಣ್ಣದ ಅಣುವಿನಿಂದ ಎಲೆಕ್ಟ್ರಾನ್ ಕಸಿದು ತಾನು ಕ್ಲೋರೈಡ್ ಆಗುತ್ತದೆ. ಅಡುಗೆ ಉಪ್ಪಿನಲ್ಲಿರುವುದೂ ಅದೇ. ಆದರೆ ಹೆಸರು ಹೇಳದ ಒಂದು ಮಾತಿದೆ: ಎಲೆಕ್ಟ್ರಾನ್ ಕಸಿಯುವ ಈ ಬಲ ಗುಂಪಿನ ಎಲ್ಲ ಧಾತುಗಳಿಗೂ ಸಮವಲ್ಲ, ಫ್ಲೋರಿನ್ನಿಂದ ಅಯೊಡಿನ್‌ವರೆಗೆ ಇಳಿಯುತ್ತ ಹೋಗುತ್ತದೆ. ಪೊಟ್ಯಾಸಿಯಂ ಅಯೊಡೈಡಿನ ತಿಳಿ ದ್ರಾವಣಕ್ಕೆ ಕ್ಲೋರಿನ್ ನೀರು ಹನಿಸಿದರೆ ಅದು ಕಂದಾಗುತ್ತದೆ. ಅಯೊಡಿನ್ ಹೊರಬಿದ್ದು ಉಪ್ಪಿನೊಳಗಿನ ಅದರ ಜಾಗಕ್ಕೆ ಕ್ಲೋರಿನ್ ಬಂದಿರುತ್ತದೆ.