ಕಾಡಿನಂಚಿನ ಬಿದಿರು ಗುಡಿಸಲು, ಒಂದು ಅಲೆ, ಎರಡು ಲೆಕ್ಕ

ನನಗೆ ಸರ್ಫಿಂಗ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಓದುತ್ತಾ ನೀವು ನನ್ನನ್ನು ಏನೋ ದೊಡ್ಡ ಸಾಹಸಿ ಅಂದುಕೊಂಡುಬಿಟ್ಟೀರಿ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತ ನನ್ನ ಸಹೋದ್ಯೋಗಿಯೊಬ್ಬ "ಬಾ ಮಾರಾಯಾ, ನೀನು ದಡದಲ್ಲಿ ಕೂತು ಪುಸ್ತಕ ಓದು, ನಾನು ಅಲೆ ಹತ್ತುತ್ತೇನೆ" ಅಂತ ಎಳೆದುಕೊಂಡು ಹೋದ. ಹಾಗಾಗಿ ನಾನು ಇಂಡೋನೇಷ್ಯಾದ ಜಾವಾ ದ್ವೀಪದ ಪೂರ್ವ ತುದಿಯಲ್ಲಿ, ಕಾಡು ಮುಗಿದು ಕಡಲು ಶುರುವಾಗುವ ಒಂದು ಜಾಗದಲ್ಲಿ, ನಾಲ್ಕು ರಾತ್ರಿ ಕಳೆದೆ. ಅವನು ಅಲೆ ಹತ್ತಿದ. ನಾನು ದಡದಲ್ಲಿ ಕೂತು ಓದಿದ್ದು ಆ ಜಾಗದ ಇತಿಹಾಸವನ್ನೇ. ಓದುತ್ತಾ ಹೋದಂತೆ ಅದು ಎರಡು ಬೇರೆ ಬೇರೆ ಇತಿಹಾಸ ಅನ್ನಿಸತೊಡಗಿತು.

ಜಾಗದ ಹೆಸರು ಪ್ಲೆಂಗ್‌ಕುಂಗ್. ಸರ್ಫಿಂಗ್ ಜಗತ್ತಿಗೆ ಅದು ಜಿ-ಲ್ಯಾಂಡ್. ಬನ್ಯುವಾಂಗಿ ಎಂಬ ಪಟ್ಟಣದಿಂದ ದಕ್ಷಿಣಕ್ಕೆ ಹೊರಟು (ವಾಂಗಿಬಾತಿಗೂ ಇದಕ್ಕೂ ಸಂಬಂಧ ಇಲ್ಲ, ಆ ಹೆಸರಿನ ಅರ್ಥ 'ಪರಿಮಳದ ನೀರು' ಅಂತ), ಅಲಾಸ್ ಪುರ್ವೋ ರಾಷ್ಟ್ರೀಯ ಉದ್ಯಾನದೊಳಗೆ ಹೊಕ್ಕು, ಕೊನೆಯ 9 ಕಿಲೋಮೀಟರ್ ಕಾಡಿನ ದಾರಿಯಲ್ಲಿ ಗಡಗಡ ಕುಲುಕಿಸಿಕೊಂಡು ತಲುಪಬೇಕು. ಬಿದಿರು, ಮರದ ಗುಡಿಸಲುಗಳು. ಮುಂದೆ ಹವಳದ ದಂಡೆ. ಹಿಂದೆ ಕಾಡು. ರಾತ್ರಿ ಜಗಲಿಯಲ್ಲಿ ಕೂತರೆ ಅಲೆಯ ಸದ್ದು ಬಿಟ್ಟು ಬೇರೇನೂ ಇಲ್ಲ. ಬೆಳಿಗ್ಗೆ ಮಂಗಗಳು ಬಂದು ತಿಂಡಿ ತಟ್ಟೆಗೆ ಕೈ ಹಾಕುತ್ತವೆ. ಆ ಕಾಡಿನಲ್ಲಿ ಬಾಂತೆಂಗ್ ಅನ್ನುವ ಕಾಡು ದನಗಳಿವೆ, ನಮ್ಮ ಕಾಟಿಯ ದಾಯಾದಿಗಳು. ಚಿರತೆಯೂ ಇದೆ.

ಅಲೆ ಅಲ್ಲೇ ಯಾಕೆ ಅಷ್ಟು ಚೆನ್ನಾಗಿ ಏಳುತ್ತದೆ? ದಡದ ಮೇಲಿನವನಿಗೂ ಅರ್ಥವಾಗುವ ವಿಷಯ ಇದು. ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಕ್ಷಿಣ ಧ್ರುವದ ಕಡೆಯ ಸಮುದ್ರದಲ್ಲಿ ಬಿರುಗಾಳಿಗಳೇಳುತ್ತವೆ. ಅವು ಎಬ್ಬಿಸಿದ ಉಬ್ಬರಗಳು ಅಡೆತಡೆಯಿಲ್ಲದೆ ಸಾವಿರಾರು ಕಿಲೋಮೀಟರ್ ಹಿಂದೂ ಮಹಾಸಾಗರ ದಾಟಿ ಬಂದು ಈ ಹವಳದ ದಂಡೆಗೆ ಬಡಿಯುತ್ತವೆ. ಅದೇ ತಿಂಗಳುಗಳಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಇಲ್ಲಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಬೀಳಬೇಕಾದ ಅಲೆಯ ಎದೆಯನ್ನು ಆ ಗಾಳಿ ಇನ್ನೊಂದು ಗಳಿಗೆ ಎತ್ತಿ ಹಿಡಿಯುತ್ತದೆ. ಅಷ್ಟು ಸಾಕು, ಅಲೆ ಕೊಳವೆಯಾಗಿ ಸುತ್ತಿಕೊಂಡು ಉದ್ದಕ್ಕೂ ಓಡುತ್ತದೆ. ಬಿದ್ದರೆ ಮಾತ್ರ ಕೆಳಗೆ ಹವಳ. ನನ್ನ ಸ್ನೇಹಿತನ ಬೆನ್ನಿನ ಮೇಲೆ ಅದರ ಸಹಿ ಇನ್ನೂ ಇದೆ.

ಈಗ ಮೊದಲನೇ ಇತಿಹಾಸ. 1972ರಲ್ಲಿ ಬಾಬ್ ಲ್ಯಾವರ್ಟಿ ಎಂಬ ಅಮೆರಿಕನ್ ಸರ್ಫರ್ ಬಾಲಿಗೆ ಹೋಗುವ ವಿಮಾನದ ಕಿಟಕಿಯಿಂದ ಕೆಳಗೆ ನೋಡಿದಾಗ ಒಂದು ಭೂಶಿರದ ಪಕ್ಕದಲ್ಲಿ ಉದ್ದುದ್ದ ಬಿಳಿ ಗೆರೆಗಳು ಕಂಡವು. ಬಾಲಿಯಲ್ಲಿದ್ದ ಬಿಲ್ ಬಾಯಮ್‌ನನ್ನು ಕಟ್ಟಿಕೊಂಡು ಆತ ಮೋಟಾರ್ ಬೈಕ್‌ಗಳಲ್ಲಿ ಹೊರಟ. ಬಾಲಿ ಜಲಸಂಧಿಯನ್ನು ದೋಣಿಯಲ್ಲಿ ದಾಟಿ, ಗ್ರಜಾಗನ್ ಎಂಬ ಮೀನುಗಾರರ ಊರು ಸೇರಿ ('ಜಿ' ಬಂದದ್ದು ಇಲ್ಲಿಂದ), ಅಲ್ಲಿಂದ ಕೊಲ್ಲಿಯ ಮರಳಿನುದ್ದಕ್ಕೂ ಬೈಕ್ ಓಡಿಸಿ ಆ ಅಲೆಗಳ ಮುಂದೆ ನಿಂತರು. ದುರಂತವೆಂದರೆ, ವಾಪಸ್ ಬಂದ ಕೆಲವೇ ದಿನಗಳಲ್ಲಿ ಲ್ಯಾವರ್ಟಿ ಬಾಲಿಯ ಉಲುವಾಟುವಿನ ಕಡಲಿನಲ್ಲಿ ತೀರಿಕೊಂಡ.

ಬಿಲ್‌ನ ಅಣ್ಣ ಮೈಕ್ ಬಾಯಮ್ ಸುಮ್ಮನಿರಲಿಲ್ಲ. 70ರ ದಶಕದಲ್ಲಿ ಅಲ್ಲೇ ಕಾಡಿನಂಚಿನಲ್ಲಿ, ನೆಲದಿಂದ ಎತ್ತರದಲ್ಲಿ ಬಿದಿರಿನ ಅಟ್ಟಣಿಗೆಗಳನ್ನು ಕಟ್ಟಿಸಿ, ದುಡ್ಡು ಕೊಟ್ಟು ಬರುವ ಬೆರಳೆಣಿಕೆಯ ಸರ್ಫರ್‌ಗಳಿಗೆ ಊಟ ವಸತಿ ಕೊಡತೊಡಗಿದ. ಅದನ್ನೇ ಪ್ರಪಂಚದ ಮೊದಲ 'ಸರ್ಫ್ ಕ್ಯಾಂಪ್' ಅಂತ ಸಾಮಾನ್ಯವಾಗಿ ಕರೆಯುತ್ತಾರೆ. ಹವಾಯಿಯ ಜೆರ್ರಿ ಲೋಪೆಜ್‌ನಂಥ ದೊಡ್ಡ ಹೆಸರಿನವರು ಬಂದರು. ಮುಂದೆ ಬಾಲಿಯ ಸರ್ಫರ್ ಬಾಬಿ ರಾಡಿಯಾಸಾ ಅದನ್ನು ವಹಿಸಿಕೊಂಡು ದಶಕಗಳ ಕಾಲ ನಡೆಸಿದರು. ಇವತ್ತು ಫಿಜಿ, ಮಾಲ್ಡೀವ್ಸ್, ಸುಮಾತ್ರಾ ಪಕ್ಕದ ಮೆಂತಾವಾಯಿ ದ್ವೀಪಗಳಲ್ಲಿ "ದೂರದ ಕಡಲತೀರ, ಬಿದಿರಿನ ಗುಡಿಸಲು, ಎದುರಿಗೇ ಅಲೆ" ಅಂತ ಜಾಹೀರಾತಿನಲ್ಲಿ ಕಾಣುವುದೆಲ್ಲ ಇದೇ ಅಟ್ಟಣಿಗೆಯ ಮೊಮ್ಮಕ್ಕಳು.

ಈ ಕಥೆಯಲ್ಲಿ ಪದೇ ಪದೇ ಬರುವ ಮಾತು 'ಕಂಡುಹಿಡಿದರು'. ನನಗೆ ತೊಡಕಾದದ್ದು ಅಲ್ಲೇ.

ಅಲಾಸ್ ಪುರ್ವೋ ಅನ್ನುವ ಹೆಸರನ್ನೇ ನೋಡಿ. 'ಅಲಾಸ್' ಅಂದರೆ ಜಾವಾ ಭಾಷೆಯಲ್ಲಿ ಕಾಡು. 'ಪುರ್ವೋ' ನಮ್ಮ 'ಪೂರ್ವ'ವೇ, ಸಂಸ್ಕೃತದಿಂದ ಹೋದದ್ದು, ದಿಕ್ಕಿನ ಅರ್ಥದಲ್ಲಲ್ಲ, 'ಪೂರ್ವಜ' ಅನ್ನುವಾಗಿನ ಅರ್ಥದಲ್ಲಿ. ಅಂದರೆ ಆದಿಯ ಕಾಡು. ಭೂಮಿ ಮೊದಲು ನೀರಿನಿಂದ ಮೇಲೆದ್ದದ್ದು ಇಲ್ಲೇ ಅನ್ನುವುದು ಅಲ್ಲಿನವರ ನಂಬಿಕೆ. ಇಲ್ಲಿನ ಗುಹೆಗಳಲ್ಲಿ ಧ್ಯಾನಕ್ಕೆ ಕೂರಲು ಜಾವಾದ ಜನ ಬರುತ್ತಲೇ ಇದ್ದರು, ಈಗಲೂ ಬರುತ್ತಾರೆ. ಈ ಸೀಮೆ ಬ್ಲಂಬಂಗನ್ ರಾಜ್ಯಕ್ಕೆ ಸೇರಿತ್ತು. ಜಾವಾದ ಕೊನೆಯ ಹಿಂದೂ ರಾಜ್ಯ ಅದು. ಡಚ್ ಈಸ್ಟ್ ಇಂಡಿಯಾ ಕಂಪನಿ ಅದನ್ನು 1767ರಿಂದ 1772ರವರೆಗಿನ ಕ್ರೂರ ಯುದ್ಧದಲ್ಲಿ ನುಂಗಿತು. 1967ರಲ್ಲಿ, ಅಂದರೆ ಲ್ಯಾವರ್ಟಿ ಕಿಟಕಿಯಿಂದ ಇಣುಕುವ 5 ವರ್ಷ ಮೊದಲು, ಕಾಡು ಕಡಿದು ಬೇಸಾಯ ಮಾಡುತ್ತಿದ್ದ ಜನರಿಗೆ ಇಲ್ಲಿ ಹಳೆಯ ಇಟ್ಟಿಗೆ ಕಟ್ಟಡವೊಂದರ ಅವಶೇಷ ಸಿಕ್ಕಿತು. ಅದರ ಹತ್ತಿರವೇ ಈಗ ಗಿರಿ ಸಲಾಕಾ ಅನ್ನುವ ದೇವಸ್ಥಾನವಿದೆ.

ಇಷ್ಟೆಲ್ಲ ಇದ್ದ ಜಾಗವನ್ನು 1972ರಲ್ಲಿ 'ಕಂಡುಹಿಡಿದರು'! ಅಲೆಯ ಮೇಲೆ ಹಲಗೆ ಹಾಕಿ ಜಾರಿದವರು ಅವರೇ ಮೊದಲಿಗರು, ಒಪ್ಪೋಣ. ಆದರೆ ಜಾಗ ಯಾರಿಗೆ ದೂರ? ಗ್ರಜಾಗನ್‌ನ ಮೀನುಗಾರನಿಗೆ ಅದು ಕೊಲ್ಲಿಯ ಆಚೆ ದಡ, ಅಷ್ಟೇ.

ಎರಡು ಇತಿಹಾಸಗಳು ಒಂದೇ ರಾತ್ರಿ ಎದುರಾದದ್ದು 1994ರ ಜೂನ್ 3ರಂದು. ರಾತ್ರಿ ಒಂದು ಗಂಟೆ ದಾಟಿತ್ತು. ಜಾವಾದ ದಕ್ಷಿಣಕ್ಕೆ ಸಮುದ್ರದಡಿಯಲ್ಲಿ 7.8 ತೀವ್ರತೆಯ ಭೂಕಂಪ. ವಿಚಿತ್ರವೆಂದರೆ ದಡದ ಜನರಿಗೆ ಅದು ಹೆಚ್ಚು ತಿಳಿಯಲೇ ಇಲ್ಲ. ನೆಲದ ಪದರು ನಿಧಾನವಾಗಿ ಸರಿಯುವ ಜಾತಿಯ ಭೂಕಂಪ ಅದು. ನಡುಕ ಕಡಿಮೆ, ಎತ್ತಿ ತಳ್ಳುವ ನೀರು ವಿಪರೀತ. ಒಂದು ಗಂಟೆಯೊಳಗೆ ಸುನಾಮಿ ದಡಕ್ಕೆ ಬಂತು. ಕ್ಯಾಂಪಿನಲ್ಲಿ ಮಲಗಿದ್ದವರಲ್ಲಿ ಆಸ್ಟ್ರೇಲಿಯಾದ ಕೆಲವು ಹೆಸರಾಂತ ಸರ್ಫರ್‌ಗಳೂ ಇದ್ದರು. ಗುಡಿಸಲುಗಳು ನುಚ್ಚುನೂರಾದವು, ನಿದ್ದೆಯಲ್ಲಿದ್ದವರು ಹಾಸಿಗೆ ಸಮೇತ ಕಾಡಿನೊಳಗೆ ತೇಲಿ ಹೋದರು, ಮರಗಳಿಗೆ ಸಿಕ್ಕಿ ಗಾಯಗೊಂಡರು. ಆದರೆ ಅತಿಥಿಗಳೆಲ್ಲ ಬದುಕಿದರು.

ಅದೇ ಕರಾವಳಿಯಲ್ಲಿ ಪಶ್ಚಿಮಕ್ಕಿರುವ ಲಂಪೋನ್, ಪಂಚೇರ್, ರಾಜೆಗ್ವೆಸಿ ಎಂಬ ಮೀನುಗಾರರ ಹಳ್ಳಿಗಳಿಗೆ ಆ ಅದೃಷ್ಟ ಇರಲಿಲ್ಲ. ರಾಜೆಗ್ವೆಸಿಯಲ್ಲಿ ನೀರು ಸಮುದ್ರ ಮಟ್ಟದಿಂದ ಸುಮಾರು 14 ಮೀಟರ್ ಎತ್ತರದವರೆಗೆ ನುಗ್ಗಿತ್ತು. ಆ ರಾತ್ರಿ ಇಡೀ ಕರಾವಳಿಯಲ್ಲಿ ಸತ್ತವರು 200ಕ್ಕೂ ಹೆಚ್ಚು.

ಸರ್ಫಿಂಗ್ ಪತ್ರಿಕೆಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಆ ರಾತ್ರಿಗೆ 'ಜಿ-ಲ್ಯಾಂಡ್ ಸುನಾಮಿ' ಅಂತ ಹೆಸರು. ಬದುಕಿದವರು ಯಾರು, ಯಾವ ಮರ ಹಿಡಿದರು, ಯಾರ ಕಾಲಿಗೆ ಏಟಾಯಿತು, ಎಲ್ಲ ಹೆಸರು ಸಮೇತ ಸಿಗುತ್ತದೆ. ಅವರ ನೋವು ಸುಳ್ಳಲ್ಲ. ಅವರಲ್ಲಿ ಕೆಲವರ ಮಾತು ಕೇಳಿದರೆ ಇಷ್ಟು ವರ್ಷದ ನಂತರವೂ ಮೈ ಜುಮ್ಮೆನ್ನುತ್ತದೆ. ಆದರೆ ಹಳ್ಳಿಗಳ ಲೆಕ್ಕದಲ್ಲಿ ಹೆಸರುಗಳಿಲ್ಲ, ಬರೀ ಸಂಖ್ಯೆ. ನಾಲ್ಕು ದಿನ ಹುಡುಕಿದೆ, ನನ್ನ ಕಣ್ಣಿಗೆ ಒಂದು ಹೆಸರೂ ಬೀಳಲಿಲ್ಲ. ಜಾವಾದ ಭಾಷೆಯಲ್ಲಿ, ಅಲ್ಲಿನ ಮನೆಗಳಲ್ಲಿ ಖಂಡಿತ ಇರುತ್ತವೆ. ನನಗೆ ಆ ಭಾಷೆ ಬರುವುದಿಲ್ಲ.

ಕ್ಯಾಂಪ್ ಮತ್ತೆ ಎದ್ದಿತು. ಮರುವರ್ಷವೇ, 1995ರಲ್ಲಿ, ಅಲ್ಲಿ ಜಾಗತಿಕ ಮಟ್ಟದ ಸ್ಪರ್ಧೆ ನಡೆದು ಕೆಲಿ ಸ್ಲೇಟರ್ ಗೆದ್ದ. 2022ರಲ್ಲಿ ವಿಶ್ವ ಪ್ರವಾಸದ ಸ್ಪರ್ಧೆ ಮತ್ತೆ ಬಂದಾಗ ಗೆದ್ದವರು ಜ್ಯಾಕ್ ರಾಬಿನ್ಸನ್ ಮತ್ತು ಜೊಹಾನ್ ಡಿಫೇ.

ಕೊನೆಯ ರಾತ್ರಿ ಜಗಲಿಯಲ್ಲಿ ಕೂತು ನನ್ನ ಸ್ನೇಹಿತನಿಗೆ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮೂಲ್ಕಿಯದ್ದೂ ಹಾಗೇ ಅಲ್ವಾ?" ಅಂದ. ಹೌದಲ್ಲ! 2004ರಲ್ಲಿ ಅಮೆರಿಕದ ಜ್ಯಾಕ್ ಹೆಬ್ನರ್ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಭಾರತದ ಸರ್ಫಿಂಗ್ ಇತಿಹಾಸ ಬರೆಯುವವರು ಅಲ್ಲಿಂದಲೇ ಆರಂಭಿಸುತ್ತಾರೆ. ಅವರು ಮಾಡಿದ್ದು ದೊಡ್ಡ ಕೆಲಸವೇ, ನನ್ನ ಸ್ನೇಹಿತನೂ ಅದರ ಫಲ. ಆದರೆ ಶಾಂಭವಿ ನದಿಯ ಅಳಿವೆಯಲ್ಲಿ ತೆರೆ ಎಲ್ಲಿ ಒಡೆಯುತ್ತದೆ, ಯಾವ ತಿಂಗಳು ಎಷ್ಟು ಎತ್ತರ ಏಳುತ್ತದೆ, ಎರಡು ತೆರೆಗಳ ನಡುವೆ ದೋಣಿ ತಳ್ಳಲು ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ಮೊಗವೀರರ ಮನೆಯ ಮಕ್ಕಳಿಗೂ ಗೊತ್ತಿತ್ತು. ಅದನ್ನು ಯಾರೂ 'ಕಂಡುಹಿಡಿದದ್ದು' ಅಂತ ಬರೆದಿಡಲಿಲ್ಲ, ಅಷ್ಟೇ.

ಇಂಥ ಜಾಗಗಳಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಿ, ಚೆನ್ನಾಗಿರುತ್ತದೆ (ಮಂಗಗಳಿಂದ ತಿಂಡಿ ಕಾಪಾಡಿಕೊಳ್ಳಿ). ಬರುವಾಗ ಪಕ್ಕದ ಹಳ್ಳಿಯಲ್ಲೂ ಅರ್ಧ ದಿನ ಇದ್ದು ಬನ್ನಿ. ನಾನು ಹಾಗೆ ಮಾಡಲಿಲ್ಲ, ವಿಮಾನಕ್ಕೆ ತಡವಾಗುತ್ತದೆ ಅಂತ ಓಡಿ ಬಂದೆ. ಈಗ ಬರೆಯಲು ಕೂತಾಗ ಅದೇ ಚುಚ್ಚುತ್ತಿದೆ.

ಅಂದ ಹಾಗೆ, ನಿಮ್ಮ ಕಡೆಯ ಬೀಚ್ ರೆಸಾರ್ಟ್ ಇರುವ ಜಾಗಕ್ಕೆ ಮೊದಲು ಏನಂತ ಹೆಸರಿತ್ತು? ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ, ಸಿಕ್ಕಿದ್ದನ್ನು ಬರೆದಿಡಿ.