ಮಧುಮೇಹ ಚಿಕಿತ್ಸೆಯಲ್ಲಿ ಆಹಾರಸಸ್ಯಗಳು

ಅನ್ನವು ದೇಹಧಾರಣೆಗೆ ಮೂಲವು. ಅದೇ ಅನ್ನವು ಮಿತಿಮೀರಿದಲ್ಲಿ ರೋಗಕ್ಕೂ ಮೂಲವಾಗುವುದು. ಈ ತತ್ತ್ವವನ್ನು ನಮ್ಮ ಪ್ರಾಚೀನ ವೈದ್ಯಾಚಾರ್ಯರು ಮಧುಮೇಹದ ವಿಷಯದಲ್ಲಿ ವಿಶೇಷವಾಗಿ ಮನಗಂಡಿದ್ದರು. ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಪೂರ್ವಲಕ್ಷಣಗಳಲ್ಲಿ ಎಣಿಸಿರುವುದು. ಸುಶ್ರುತಸಂಹಿತೆಯಾದರೋ ಈ ರೋಗವನ್ನು ಸಹಜವೆಂತಲೂ ಅಪಥ್ಯನಿಮಿತ್ತವೆಂತಲೂ ಎರಡಾಗಿ ವಿಂಗಡಿಸಿ, ಮೊದಲನೆಯದರಲ್ಲಿ ರೋಗಿಯು ಕೃಶನಾಗಿಯೂ ಎರಡನೆಯದರಲ್ಲಿ ಸ್ಥೂಲನಾಗಿಯೂ ಇರುವನೆಂದು ತಿಳಿಸುವುದು. ಕೃಶನಿಗೆ ಪೋಷಣೆ, ಬಲಿಷ್ಠನಾದ ಸ್ಥೂಲನಿಗೆ ಶೋಧನೆ ಎಂಬುದು ಅವರ ಕ್ರಮ. ಪ್ರಮೇಹಿಗಳಿಗೆ ಮುಖ್ಯಾಹಾರವೆಂದು ಚರಕವು ವಿಧಿಸಿದ ಧಾನ್ಯವು ಜವೆಗೋಧಿಯು.

ನಮ್ಮ ಅಡಿಗೆಮನೆಗಳಲ್ಲಿ ನಿತ್ಯವೂ ಬಳಕೆಯಲ್ಲಿರುವ ಮೆಂತ್ಯವನ್ನು ಆಧುನಿಕ ವಿಜ್ಞಾನವು ಪರೀಕ್ಷೆಗೆ ಒಳಪಡಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ಸುಲಿನ್ ಪಡೆಯುತ್ತಿದ್ದ ರೋಗಿಗಳಿಗೆ ಜಿಡ್ಡು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ ಆಹಾರದಲ್ಲಿ ಕೊಡಲಾಯಿತು. ಮೂತ್ರದಲ್ಲಿ ಹೋಗುವ ಸಕ್ಕರೆಯು ಶೇಕಡಾ 54ರಷ್ಟು ಇಳಿಯಿತು. ಮೆಂತ್ಯದಲ್ಲಿರುವ ಲೋಳೆಯಾದ ನಾರು ಕರುಳಿನಲ್ಲಿ ನೀರನ್ನು ಹೀರಿ ಉಬ್ಬಿ, ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುವುದು. ಆ ರೋಗಿಗಳು ಇನ್ಸುಲಿನ್ನನ್ನು ಬಿಟ್ಟಿರಲಿಲ್ಲವೆಂಬುದು ಇಲ್ಲಿ ಗಮನಾರ್ಹವು.

ಸಸ್ಯದಿಂದ ಔಷಧದವರೆಗಿನ ದಾರಿಯು ಎಷ್ಟು ದೀರ್ಘವೆಂಬುದಕ್ಕೆ ಸೇಬಿನ ಮರವೇ ನಿದರ್ಶನ. ಅದರ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿಪದಾರ್ಥವನ್ನು 1835ರಲ್ಲಿ ಬೇರ್ಪಡಿಸಲಾಯಿತು. ಇದನ್ನು ಸೇವಿಸಿದಲ್ಲಿ ಮೂತ್ರದಲ್ಲಿ ಸಕ್ಕರೆಯು ಹೊರಬೀಳುವುದೆಂದು ಜರ್ಮನಿಯ ಫಾನ್ ಮೆರಿಂಗ್ ಎಂಬ ವೈದ್ಯನು 1886ರಲ್ಲಿ ತೋರಿಸಿದನು. ಆದರೆ ಅದು ಕರುಳಿನಲ್ಲಿ ಬೇಗನೆ ಒಡೆದುಹೋಗುವುದರಿಂದ ಔಷಧವಾಗಲು ಅನರ್ಹವಾಗಿದ್ದಿತು. ಅದರ ರಚನೆಯನ್ನು ಅನುಸರಿಸಿ ನಿರ್ಮಿಸಿದ, ಮೂತ್ರಪಿಂಡದಲ್ಲಿ ಸಕ್ಕರೆಯ ಮರುಹೀರಿಕೆಯನ್ನು ತಡೆಯುವ ಡಾಪಾಗ್ಲಿಫ್ಲೋಜಿನ್ ಎಂಬ ಔಷಧಕ್ಕೆ ಯೂರೋಪಿನಲ್ಲಿ ಅನುಮತಿ ದೊರೆತದ್ದು 2012ರಲ್ಲಿ. ನಡುವೆ ಸಂದ ಕಾಲವು 177 ವರ್ಷಗಳು!

ಯೂರೋಪಿನ ಗಲೀಗ ಎಂಬ ಗಿಡದ ಕಥೆಯೂ ಇಂಥದೇ. ಅದರಲ್ಲಿರುವ ಸತ್ವವು ಸಕ್ಕರೆಯನ್ನು ಇಳಿಸುವುದಾದರೂ ವಿಷಕಾರಿಯು. ಅದನ್ನು ಮೇದು ದನಕುರಿಗಳು ಸತ್ತುದುಂಟು. ಅದೇ ಜಾತಿಯ ರಾಸಾಯನಿಕವಾದ ಮೆಟ್‌ಫಾರ್ಮಿನ್ 1922ರಲ್ಲಿ ತಯಾರಾಯಿತು. ಫ್ರಾನ್ಸಿನ ಜೀನ್ ಸ್ಟರ್ನ್ ಎಂಬ ವೈದ್ಯನು ಮಧುಮೇಹಕ್ಕೆ ಅದರ ಉಪಯೋಗವನ್ನು 1957ರಲ್ಲಿ ಪ್ರಕಟಿಸಿದನು. ಇಂದು ಲೋಕದಲ್ಲೆಲ್ಲ ಹೆಚ್ಚಾಗಿ ಬಳಸಲ್ಪಡುವ ಮಧುಮೇಹದ ಗುಳಿಗೆಯು ಇದೇ. ಗಿಡದಲ್ಲಿದೆಯೆಂದ ಮಾತ್ರಕ್ಕೆ ವಸ್ತುವು ನಿರಪಾಯವಲ್ಲ. ಪ್ರಮಾಣವನ್ನರಿತು ಶೋಧಿಸಿದಲ್ಲಿ ವಿಷಸದೃಶವಾದುದೂ ಉಪಕಾರಿಯಾಗಬಹುದು.

ಇನ್ನು ಸಹಜವಾದ ಮಧುಮೇಹದ ವಿಷಯ. ಇನ್ಸುಲಿನ್ ದೊರೆಯುವುದಕ್ಕೆ ಮೊದಲು ಈ ಬಗೆಯ ಮಕ್ಕಳನ್ನು ಅರೆಹೊಟ್ಟೆಯ ಪಥ್ಯದಲ್ಲಿರಿಸಿ ಕೆಲವು ಕಾಲ ಉಳಿಸಿಕೊಳ್ಳುವುದೇ ವೈದ್ಯರಿಗೆ ಸಾಧ್ಯವಿದ್ದ ಉಪಾಯ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ 14 ವರ್ಷದ ಬಾಲಕನೋರ್ವನಿಗೆ ಇನ್ಸುಲಿನ್ ಚುಚ್ಚಲಾಯಿತು. ಅಂದಿನಿಂದ ಮರಣಶಾಸನವೇ ಆಗಿದ್ದ ರೋಗವು ಬಾಳಬಹುದಾದ ರೋಗವಾಯಿತು. ಇಂಥವರು ಹಾಗಲವನ್ನೋ ನೇರಿಳೆಬೀಜವನ್ನೋ ನಂಬಿ ಇನ್ಸುಲಿನ್ನನ್ನು ತ್ಯಜಿಸಿದರೆ ಪ್ರಾಣಕ್ಕೇ ಅಪಾಯವು. ಗುಳಿಗೆ ಸೇವಿಸುವವರೂ ಮೆಂತ್ಯಾದಿಗಳನ್ನು ಹೆಚ್ಚಾಗಿ ಬಳಸಿದಲ್ಲಿ ಸಕ್ಕರೆಯು ಮಿತಿಮೀರಿ ಇಳಿಯಬಹುದಾದುದರಿಂದ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಆದುದರಿಂದ ಪಥ್ಯವು ಬೇರೆ, ಔಷಧವು ಬೇರೆ. ಒಂದು ಮತ್ತೊಂದಕ್ಕೆ ಸಹಾಯಕವೇ ಹೊರತು ಅದರ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲ. ರೋಗಿಗಳಲ್ಲಿ ಭೇದವನ್ನು ಕಂಡು, ಕೃಶನಿಗೂ ಸ್ಥೂಲನಿಗೂ ಒಂದೇ ಚಿಕಿತ್ಸೆ ಸಲ್ಲದೆಂದ ಪೂರ್ವಾಚಾರ್ಯರ ವಿವೇಕವು ಇಂದಿಗೂ ಅನುಸರಣೀಯವಾದುದು. ಊಟದ ಎಲೆಯ ಮೇಲಿನ ಸಂಯಮವೂ ವೈದ್ಯರ ಮಾತಿನಲ್ಲಿ ವಿಶ್ವಾಸವೂ ಕೂಡಿದೆಡೆ ದೇಹವು ಬಹುಕಾಲ ಸತ್ಕಾರ್ಯಕ್ಕೆ ಸಾಧನವಾಗಿ ನಿಲ್ಲುವುದು.